ಕಂಬದ ಬುಡ ಕೊಳೆತರೆ

ಪ್ರಶ್ನೆ: ಹಳೇ ಮಾಳಿಗೆ (ಮಣ್ಣಿನ ಚಾವಣಿ) ಮನೆಯ ಪಡಸಾಲೆಯಲ್ಲಿ ತೇಗದ ಕಂಬವೊಂದರ ಬುಡ ಮೆತ್ತಗಾಗಿದೆ. ಸುತ್ತ ಸಿಮೆಂಟ್ ಕಟ್ಟಿಸಬಹುದೇ? – ಓದುಗರು, ಬೀದರ್

ಉತ್ತರ: ಬೇಡವೇ ಬೇಡ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ಕೊಳೆತವನ್ನು ಇನ್ನೂ ಮೇಲಕ್ಕೆ ಹತ್ತಿಸುತ್ತದೆ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಗಟ್ಟಿ ಮರ ಸಿಗುವವರೆಗೆ ಮಾತ್ರ ಕೊಯ್ಸಿ. ಅದಕ್ಕೂ ಮೊದಲು ಕಂಬದ ಎರಡೂ ಬದಿಗೆ ತೊಲೆಯ ಕೆಳಗೆ ಜಾಕಿ ಕೊಡಿ. ಒಂದಡಿ ದಪ್ಪದ ಮಾಳಿಗೆ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ಇರುತ್ತದೆ. ಕಂಬದ ಮೇಲಿನ ಭಾರ ಇಳಿದರೆ ಸಾಕು, ತೊಲೆ ಎತ್ತಲು ಹೋದರೆ ಮಾಳಿಗೆ ಬಿರುಕು ಬಿಟ್ಟು ಸೋರುತ್ತದೆ. ಕೊಯ್ದ ಜಾಗಕ್ಕೆ ಬೇರೆ ಬುಡ ಕೂಡಿಸಲು 8 ಇಂಚಿನ ಕಂಬಕ್ಕೆ 24 ಇಂಚು ಉದ್ದದ ಓರೆ ಜೋಡಣೆ (ಎರಡೂ ತುದಿ ಓರೆಯಾಗಿ ಕೊಯ್ದು ಒಂದಕ್ಕೊಂದು ಕೂರಿಸುವುದು), ಚೆನ್ನಾಗಿ ಒಣಗಿದ ಹಳೇ ತೇಗದ್ದೇ ತುಂಡು, ಎರಡು ಸ್ಟೀಲ್ ಬೋಲ್ಟು ಬೇಕು. ಬುಡದ ಕಲ್ಲು ನೆಲದಿಂದ 4 ಇಂಚಾದರೂ ಮೇಲಿರಲಿ. ಟೈಲ್ಸ್ ಹಾಕಿಸುವಾಗ ಆ ಕಲ್ಲನ್ನೇ ಮುಚ್ಚಿದ್ದರೆ ರೋಗದ ಮೂಲ ಅಲ್ಲೇ ಇದೆ, ಸುತ್ತಲಿನ ಟೈಲ್ಸ್ ಒಡೆಸಿ.