ಪ್ರತಿಕ್ರಿಯೆ: ಕೊಲೆ ಇಲ್ಲದ ಸಸ್ಪೆನ್ಸ್

ಪ್ರೇಮವೂ ಬೇಕು, ಸಸ್ಪೆನ್ಸೂ ಬೇಕು, ಆದರೆ ಕೊಲೆ, ಪೊಲೀಸು ಬೇಡ, ಅಂಥದ್ದು ಕನ್ನಡದಲ್ಲಿ ಇದೆಯಾ ಅಂತ ಕೇಳಿದ್ದೀರಿ. ಧಾರಾಳವಾಗಿ ಇದೆ ಮೇಡಂ. ನಮ್ಮ ಮೈಸೂರಿನ ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ಹಿಡಿಯಿರಿ. ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಅಷ್ಟು ಪ್ರೀತಿಸಿದ್ದ ಗಂಡ ಸತೀಶ ಮತ್ತೆ ಹತ್ತಿರ ಸೇರಿಸ್ತಾನಾ? ಇದೊಂದೇ ಪ್ರಶ್ನೆ, ಪುಟ ತಿರುಗಿಸೋಕೆ ಕೈ ನಡುಗುತ್ತೆ. ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧಿ ಸಿಕ್ಕ ಮೇಲೆ ಮತ್ತೆ ಓದೋ ಆಸೆ ನನಗಂತೂ ಉಳಿಯೋಲ್ಲ. ಇದನ್ನು ಕೊನೆ ಗೊತ್ತಿದ್ದೂ ಓದ್ತೀನಿ, ಪ್ರತಿ ಸಲವೂ ಸತೀಶನ ಮೇಲೆ ಸಿಟ್ಟು ಬರುತ್ತೆ. ತ್ರಿವೇಣಿ ಮನಃಶಾಸ್ತ್ರ ಓದಿದ್ದವರು, ಸಂಶಯ ಮನೆಯೊಳಗೆ ಹೇಗೆ ಬೆಳೆಯುತ್ತೆ ಅಂತ ಚೆನ್ನಾಗಿ ಬಲ್ಲವರಾಗಿದ್ದರು. ಇದೇ ಕಥೆಯ 1971ರ ಸಿನಿಮಾ ನೋಡಿಲ್ಲದಿದ್ದರೆ ಮೊದಲು ಪುಸ್ತಕವನ್ನೇ ಓದಿ, ದಯವಿಟ್ಟು.