ನಾಲ್ಕನೇ ಇಯತ್ತೆಯ ಮಗನಿಗೆ ಓದು, ಲೆಕ್ಕ ಎರಡೂ ಕಷ್ಟ. ಯಾವ ಆಪ್ ಕೊಂಡರೆ ಒಳ್ಳೇದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಗ ಹಳೇ ಹುಬ್ಬಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಒತ್ತಕ್ಷರ ಬಂದರೆ ಓದು ನಿಲ್ಲುತ್ತದೆ. ಕಳೆಯುವ ಲೆಕ್ಕ ಸದಾ ತಪ್ಪು. ಮನೆಗೆ ಬಂದ ಸೇಲ್ಸ್‌ನವರು ಟ್ಯಾಬ್ ಸಮೇತ ನಾಲ್ಕನೇ ಕ್ಲಾಸಿನ ಪ್ಯಾಕೇಜ್ ಕೊಡ್ತೀವಿ, ಕಂತಿನಲ್ಲಿ ಕಟ್ಟಿ ಅಂದಿದ್ದಾರೆ. ತಗೊಳ್ಳಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ ರೀ. ನಾನು ಗದಗ-ಬೆಟಗೇರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಚ್ಚಿನವರು ಮಗ್ಗದ ಮನೆಗಳ ಮಕ್ಕಳು. ನಮ್ಮಲ್ಲಿ ಕೆಲವು ಹಳೇ ಟ್ಯಾಬ್‌ಗಳಿವೆ, ದಿನಾ ಬಳಸುತ್ತೇವೆ. ಹಾಗಾಗಿ ಆಪ್‌ಗಳ ಮೇಲೆ ನನಗೇನೂ ಸಿಟ್ಟಿಲ್ಲ. ತಕರಾರು ಇರೋದು 'ನಾಲ್ಕನೇ ಕ್ಲಾಸಿನ' ಅನ್ನೋದರ ಬಗ್ಗೆ. ನಿಮ್ಮ ಮಗ ಕೂತಿರೋದು ನಾಲ್ಕನೇ ಇಯತ್ತೆಯಲ್ಲಿ, ಸಿಕ್ಕಿಹಾಕಿಕೊಂಡಿರೋದು ಎರಡನೆಯದರಲ್ಲಿ. ಆ ಟ್ಯಾಬ್ ಅವನಿಗೆ ಭಿನ್ನರಾಶಿಯ ಚೆಂದದ ವಿಡಿಯೋ ತೋರಿಸುತ್ತದೆ. ಅವನು ನೋಡುತ್ತಾನೆ. ಕಳೆಯೋದು ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ನೋಡಿ. ಪ್ರಥಮ್ ಸಂಸ್ಥೆಯವರು 2005ರಿಂದ, ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮಾಡುವ ಪರೀಕ್ಷೆಯೇ ಸಾಕು. ಓದಿಗೆ ಬಿಡಿ ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ಇಯತ್ತೆ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೇ ಇಯತ್ತೆ ಮಟ್ಟದ ಪುಟ್ಟ ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸೋದು, ಎರಡಂಕಿಯಲ್ಲಿ ದಶಕ ತಗೊಂಡು ಕಳೆಯೋದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸೋದು. ಮನೆಯಲ್ಲೇ ಮಾಡಬಹುದು. ಪರೀಕ್ಷೆ ಅಂತ ಹೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

52ರಲ್ಲಿ 27 ಕಳಿ ಅಂದರೆ ನಮ್ಮಲ್ಲಿ ಬಹಳ ಮಕ್ಕಳು 35 ಅಂತ ಬರೆಯುತ್ತಾರೆ. ಹೆಂಗ ಮಾಡಿದಿ ಅಂತ ಕೇಳಿದರೆ, "ಏಳರಾಗ ಎರಡು ಹೋದ್ರ ಐದು ರೀ ಅಕ್ಕೋರ, ಐದರಾಗ ಎರಡು ಹೋದ್ರ ಮೂರು" ಅಂತಾರೆ. ಇದು ಗಮನ ಇಲ್ಲದೆ ಆದ ತಪ್ಪಲ್ಲ. ಮೇಲೆ ಇರಲಿ ಕೆಳಗೆ ಇರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಅವರೇ ಒಂದು ನಿಯಮ ಮಾಡಿಕೊಂಡಿದ್ದಾರೆ. ಆ ನಿಯಮವನ್ನು ತಪ್ಪದೆ ಪಾಲಿಸುತ್ತಾರೆ ಕೂಡ. ಈಗ ಸಾಮಾನ್ಯ ಆಪ್ ಏನು ಮಾಡುತ್ತದೆ? ನಾಲ್ಕು ಉತ್ತರ ಕೊಡುತ್ತದೆ. 35 ಒತ್ತಿದರೆ ಕೆಂಪು ಗುರುತು, ಟುಂಯ್ ಅಂತ ಸದ್ದು. ಮಗು ಪಕ್ಕದ್ದನ್ನು ಒತ್ತುತ್ತದೆ, ಅದೂ ಅಲ್ಲ, ಮುಂದಿನದು. ಕೊನೆಗೆ 25ಕ್ಕೆ ಸ್ಟಾರ್ ಸಿಗುತ್ತದೆ. ಬೆರಳು ಚುರುಕಾಗಿದೆ, ನಿಯಮ ಹಾಗೇ ಇದೆ. ಸಂಜೆ ಅಪ್ಪ ನೋಡಿದರೆ ಪರದೆ ತುಂಬಾ ಸ್ಟಾರ್!

ಒಳ್ಳೆಯ ಸಾಫ್ಟ್‌ವೇರ್ ಆದರೆ 35 ಬಂದ ಕೂಡಲೇ ಹತ್ತರ ಒಂದು ಕಟ್ಟನ್ನು ಬಿಚ್ಚಿ ತೋರಿಸುತ್ತದೆ. ಆಮೇಲೆ 61ರಲ್ಲಿ 38ರಂಥ ಅದೇ ಜಾತಿಯ ಲೆಕ್ಕ ಕೊಟ್ಟು, ಹಳೇ ತಪ್ಪು ಮತ್ತೆ ಬರುತ್ತಾ ಅಂತ ನೋಡುತ್ತದೆ. ಉತ್ತರವನ್ನು ಮಗುವಿನ ಕೈಯಿಂದಲೇ ಬರೆಸುತ್ತದೆ, ಆರಿಸಲು ಬಿಡುವುದಿಲ್ಲ. ಕೊಳ್ಳುವ ಮುಂಚೆ ಇದನ್ನೇ ಪರೀಕ್ಷೆ ಮಾಡಿ. ಬೇಕಂತಲೇ ಮೂರು ಸಲ 35ರಂಥ ತಪ್ಪು ಉತ್ತರ ಕೊಡಿ. ಆಪ್ ಹಿಂದಿನ ಪಾಠಕ್ಕೆ ಕರೆದೊಯ್ಯದೆ ಅದೇ ಪ್ರಶ್ನೆ ಕೇಳುತ್ತಾ ಕೂತರೆ ಅದಕ್ಕೆ ದುಡ್ಡು ಕೊಡಬೇಡಿ.

ಆಪ್‌ಗಿಂತ ಮೊದಲು ನಾನು ಮಾಡಿಸೋದು ದುಡ್ಡಿನ ಲೆಕ್ಕ. ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಕೈಗೆ ಕೊಡಿ. 27 ರೂಪಾಯಿ ಕೊಡಪ್ಪ ಅನ್ನಿ. ಎರಡು ನೋಟು ಕೊಡುತ್ತಾನೆ, ಆಮೇಲೆ ನಾಣ್ಯ ಸಾಲದೆ ತಾನೇ "ಚಿಲ್ಲರೆ ಇಲ್ಲ" ಅಂತಾನೆ. ಒಂದು ನೋಟು ಮುರಿಸಿಕೊಟ್ಟರೆ ದಶಕ ತಗೊಳ್ಳೋದು ಅಂದರೇನು ಅಂತ ಅವನ ಕೈಗೇ ತಿಳಿಯುತ್ತದೆ. ಇದಾದ ಮೇಲೆ ಟ್ಯಾಬ್ ಕೊಟ್ಟರೆ ಅಭ್ಯಾಸಕ್ಕೆ ಬಹಳ ಉಪಯೋಗ. ಬೇಸರಿಲ್ಲದೆ ಲೆಕ್ಕದ ಮೇಲೆ ಲೆಕ್ಕ ಕೊಡೋದು ನಮ್ಮಂಥವರಿಗಿಂತ ಯಂತ್ರಕ್ಕೆ ಸುಲಭ.

ಓದಿನಲ್ಲಿ ಕಾಗುಣಿತ ಬಂದ ಮಕ್ಕಳೂ ಅರ್ಕಾವತ್ತಿನಲ್ಲಿ ಎಡವುತ್ತಾರೆ. 'ಸೂರ್ಯ' ಬರೆಯುವಾಗ ರಕಾರದ ಗುರುತು ಯ ಆದ ಮೇಲೆ ಬರುತ್ತದೆ, ಬಾಯಲ್ಲಿ ಮಾತ್ರ ಮೊದಲೇ ಬರಬೇಕು. ಮಗು 'ಸೂಯ' ಅನ್ನುತ್ತದೆ, ಇಲ್ಲಾ 'ಸೂಯರ' ಅನ್ನುತ್ತದೆ. ಅಕ್ಷರ ಮುಟ್ಟಿದರೆ ಸದ್ದು ಬರುವ ಆಪ್‌ಗಳು ಇಲ್ಲಿಯವರೆಗೆ ಬರೋದೇ ಕಡಿಮೆ. ಅ ಅರಸ, ಆ ಆನೆಗೇ ಮುಗಿದುಹೋಗುತ್ತವೆ. ಅದಕ್ಕೆ ನಾವು ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಬಳಸುತ್ತೇವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಕನ್ನಡದ ಕಥೆಗಳು ಓದಿನ ಮಟ್ಟದ ಪ್ರಕಾರ ಸಿಗುತ್ತವೆ. ಡೌನ್‌ಲೋಡ್ ಮಾಡಿಟ್ಟರೆ ಆಮೇಲೆ ಡೇಟಾ ಬೇಡ. ಯಾವ ಆಪ್ ಆದರೂ ತಾನೇ ಓದಿ ಹೇಳುತ್ತಿದ್ದರೆ ಸದ್ದು ಬಂದ್ ಮಾಡಿ. ಇಲ್ಲದಿದ್ದರೆ ಮಗು ಕಥೆ ಕೇಳುತ್ತದೆ, ಓದುವುದಿಲ್ಲ. ಅವನ ಓದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವನಿಗೇ ಕೇಳಿಸಿ. ನಮ್ಮ ಹುಡುಗರು ತಮ್ಮ ದನಿ ಕೇಳಿ ನಗುತ್ತಾರೆ, ನಕ್ಕು ಇನ್ನೊಂದು ಸಲ ಓದುತ್ತಾರೆ.

ನಾಲ್ಕನೇ ಇಯತ್ತೆಯಲ್ಲೇ ಇದೆಲ್ಲ ಕಣ್ಣಿಗೆ ಬೀಳೋದಕ್ಕೆ ಒಂದು ಕಾರಣ ಇದೆ. ಒಂದರಿಂದ ಮೂರರವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ನಲಿ-ಕಲಿ ಪದ್ಧತಿ. ಕಲಿಕೆಯ ಮೆಟ್ಟಿಲು, ಕಾರ್ಡು, ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು, ಪ್ರತಿ ಮಗುವೂ ತನ್ನ ವೇಗದಲ್ಲಿ. ಈಗಿನ ಸಾಫ್ಟ್‌ವೇರ್ ಕಂಪನಿಗಳು ಹೊಸದು ಅಂತ ಹೇಳೋದನ್ನು ಹೆಗ್ಗಡದೇವನಕೋಟೆಯ ಶಿಕ್ಷಕರು 1995ರ ಸುಮಾರಿಗೇ ರಟ್ಟಿನ ಕಾರ್ಡಿನಲ್ಲಿ ಶುರು ಮಾಡಿದ್ದರು! ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ. ಮೆಟ್ಟಿಲು ಮುಗಿಸದ ಮಗು ಅಲ್ಲಿ ಹಿಂದೆ ಬೀಳುತ್ತದೆ. ಮೂರನೇ ಇಯತ್ತೆಯಲ್ಲಿ ಅವನು ಎಷ್ಟನೇ ಮೆಟ್ಟಿಲಲ್ಲಿದ್ದ ಅಂತ ಹಿಂದಿನ ಟೀಚರ್ ಹತ್ತಿರ ಕೇಳಿ. ಅವರಿಗೆ ನೆನಪಿರುತ್ತದೆ.

ಸಾಫ್ಟ್‌ವೇರ್‌ನಿಂದ ಉಪಯೋಗ ಆಗೋದೇ ಇಲ್ವಾ ಅಂದರೆ, ಆಗುತ್ತದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ತಂತ್ರಾಂಶವನ್ನು ಅರ್ಥಶಾಸ್ತ್ರಜ್ಞರು ಲಾಟರಿ ಎತ್ತಿ ಮಕ್ಕಳನ್ನು ಆರಿಸಿ ಪರೀಕ್ಷಿಸಿದರು. ವರದಿ 2019ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಅದು ಕ್ಲಾಸನ್ನು ನೋಡದೆ ಮಗು ಇದ್ದ ಮಟ್ಟದಿಂದ ಶುರು ಮಾಡುತ್ತಿತ್ತು. ಇನ್ನೊಂದು ವಿಷಯ ಗಮನಿಸಿ. ದಿನದ 90 ನಿಮಿಷದಲ್ಲಿ ಅರ್ಧ ಮಾತ್ರ ಕಂಪ್ಯೂಟರ್, ಉಳಿದರ್ಧ ಸಣ್ಣ ಗುಂಪಿಗೆ ಒಬ್ಬರು ಕೂತು ಪಾಠ ಹೇಳುತ್ತಿದ್ದರು. ಮತ್ತೆ, ಶಾಲೆಯ ಗಣಿತ ಪರೀಕ್ಷೆಯ ಅಂಕ ಅಷ್ಟಾಗಿ ಏರಲಿಲ್ಲ. ಮಕ್ಕಳು ಕಲಿತಿದ್ದು ಕೆಳಗಿನ ಕ್ಲಾಸಿನ ಲೆಕ್ಕ, ಪರೀಕ್ಷೆ ಕೇಳಿದ್ದು ಮೇಲಿನದು. ನಿಮ್ಮ ಮಗನ ಮಾರ್ಕ್ಸ್ ಕೂಡಲೇ ಏರದಿದ್ದರೆ ಬೈಯಬೇಡಿ.

ಕನ್ನಡದಲ್ಲಿ ಉಚಿತವಾಗಿರುವ ಇನ್ನೆರಡು ಹೇಳುತ್ತೇನೆ. ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಗಣಿತಕ್ಕೆ ಚೆನ್ನಾಗಿದೆ, ಸಾದಾ ಸ್ಮಾರ್ಟ್‌ಫೋನಿನಲ್ಲೂ ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆ. ಇನ್ನೊಂದು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠ ತೆರೆಯುವ ಸರ್ಕಾರಿ ಆಪ್ ದೀಕ್ಷಾ. ಶಾಲೆಯ ಪಾಠ ಮತ್ತೆ ನೋಡಲು ಅದು ಸರಿ, ತಳಪಾಯಕ್ಕೆ ಸಾಲದು. ಮೊದಲು ಇವನ್ನು ಬಳಸಿ. ದಿನಾ ಅರ್ಧ ಗಂಟೆ, ಪಕ್ಕದಲ್ಲಿ ನೀವು ಇಲ್ಲಾ ಅವನ ಅಕ್ಕ ಕೂತರೆ ಸಾಕು. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಯೂಟ್ಯೂಬ್ ಗೆಲ್ಲುತ್ತದೆ.

ಕಂತಿನ ಬಗ್ಗೆ ಒಂದು ಮಾತು. ಎಷ್ಟೋ ಕಡೆ ಅದು ಫೈನಾನ್ಸ್‌ನವರ ಸಾಲ, ನಿಮ್ಮ ಹೆಸರಿಗೇ ಇರುತ್ತದೆ. ಮಗ ಟ್ಯಾಬ್ ಮುಟ್ಟದಿದ್ದರೂ ಖಾತೆಯಿಂದ ದುಡ್ಡು ಹೋಗುತ್ತಲೇ ಇರುತ್ತದೆ. ಕಾಗದ ಪೂರ್ತಿ ಓದದೆ ಸಹಿ ಮಾಡಬೇಡಿ, ಒಟಿಪಿ ಹೇಳಬೇಡಿ.

ಎರಡು ಮೂರು ತಿಂಗಳು ಹೀಗೆ ಮಾಡಿದ ಮೇಲೂ ಗೊತ್ತಿರುವ ಅಕ್ಷರಗಳೇ ಅದಲುಬದಲಾಗುತ್ತಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣು ಸರಿ ಇದ್ದರೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಅಂದರೆ ಅಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ, ಕಲಿಕೆಯ ತೊಂದರೆ ಬಗ್ಗೆ ಕೇಳಿ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ಬರಬಹುದು. ಹೋಗುವಾಗ ಅವನು ಬರೆದ ನೋಟ್‌ಬುಕ್ ಜೊತೆಗಿರಲಿ.