ಅಳದ ಕೂಸು

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಈ ತಾಯಿಗೆ ಇದು ಮೊದಲ ಹೆರಿಗೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. 38 ವಾರ ತುಂಬಿ ಹುಟ್ಟಿದ್ದರೂ ಹೆಣ್ಣುಮಗುವಿನ ತೂಕ 2 ಕಿಲೋ 100 ಗ್ರಾಂ ಮಾತ್ರ ಇತ್ತು. ಹುಟ್ಟಿ ಐದು ತಾಸಾದ ಮೇಲೆ ನಾನು ಹಾಸಿಗೆಯ ಬಳಿ ಹೋದಾಗ ಅಜ್ಜಿ ಸಮಾಧಾನದಿಂದ, “ಕೂಸು ಭಾಳ ಶಾಂತ ಅದ ನೋಡ್ರಿ ಅಕ್ಕೋರೇ, ಹುಟ್ಟಿದಾಗ ಅತ್ತಿದ್ದಷ್ಟೇ, ಸುಮ್ಮನ ಮಕ್ಕೊಂಡದ” ಎಂದರು. ನನಗೆ ಆತಂಕ ಹುಟ್ಟಿಸಿದ್ದು ಆ ಮಾತೇ. ಒಮ್ಮೆ ಎದೆಗೆ ಹಚ್ಚಿದ್ದನ್ನು ಬಿಟ್ಟರೆ ಮತ್ತೆ ಹಾಲು ಕುಡಿಸಿರಲಿಲ್ಲ.

ಸಿಸ್ಟರ್ ಹಿಮ್ಮಡಿಯ ಬದಿಗೆ ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 38 ಮಿಲಿಗ್ರಾಂ ಇತ್ತು. ಅದು 45ಕ್ಕಿಂತ ಕೆಳಗಿಳಿಯಬಾರದು. ಇಷ್ಟು ಸಣ್ಣ ಮಗುವಿಗೆ ಈ ಪರೀಕ್ಷೆ ಇನ್ನೂ ಮೊದಲೇ ಆಗಬೇಕಿತ್ತು. ವೈದ್ಯರು ಬಂದು ನೋಡಿ, ನಡುಕವಾಗಲಿ ಉಸಿರಾಟದ ತೊಂದರೆಯಾಗಲಿ ಇಲ್ಲವೆಂದೂ, ಎಬ್ಬಿಸಿದರೆ ಮಗು ಚೆನ್ನಾಗಿ ಚೀಪುತ್ತಿದೆಯೆಂದೂ ಖಚಿತಪಡಿಸಿಕೊಂಡು, ತಾಯಿಹಾಲು ಕೊಟ್ಟು ಒಂದು ತಾಸಿನಲ್ಲಿ ಮತ್ತೆ ಪರೀಕ್ಷಿಸಲು ಹೇಳಿದರು.

“ಹಂಗಾದ್ರ ಸಕ್ರಿ ನೀರು ಹಾಕ್ಲೇನ್ರಿ?” ಎಂದು ಅಜ್ಜಿ ಕೇಳಿದ್ದು ಪ್ರೀತಿಯಿಂದಲೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ತೂಕ ಕಡಿಮೆಯಿರುವ ಮಗುವಿನ ಮೈಯಲ್ಲಿ ಕೂಡಿಟ್ಟ ಸಕ್ಕರೆಯೂ ಕೊಬ್ಬೂ ಕಡಿಮೆ, ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಸಕ್ಕರೆ ನೀರಿನಲ್ಲಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಲೇಬಾರದು.

ತಾಯಿ ಮಾತ್ರ ತನ್ನ ಎದೆಯಲ್ಲಿ ಹಾಲೇ ಇಲ್ಲವೆಂದು ಕಣ್ಣೀರು ಹಾಕಿದಳು. ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿಗೆ ಹೆಬ್ಬೆರಳು, ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಮೆಲ್ಲಗೆ ಹಿಂಡುವುದನ್ನು ತೋರಿಸಿದೆ. ಎರಡು ನಿಮಿಷ ಏನೂ ಬರಲಿಲ್ಲ. ನಂತರ ಅರಿಶಿನ ಬಣ್ಣದ ದಪ್ಪ ಹನಿಯೊಂದು ಒಳಲೆಗೆ ಬಿತ್ತು. ಹನಿಹನಿಯಾಗಿ 4 ಮಿಲಿಲೀಟರ್ ಆಯಿತು. ಬಟ್ಟೆ ಬಿಚ್ಚಿ ಮಗುವನ್ನು ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಕೌದಿ ಹೊದಿಸಿ, ಎರಡೂ ಕಡೆ ಚೀಪಿಸಿ, ಹಿಂಡಿದ ಹಾಲನ್ನೂ ಕುಡಿಸಿದೆವು. ಒಂದು ತಾಸಿನ ನಂತರ ಸಕ್ಕರೆ 51 ಆಗಿತ್ತು. ಮುಂದೆ ಒಂದು ದಿನ ಪ್ರತಿ ಸಲ ಹಾಲು ಕೊಡುವ ಮುನ್ನ ಪರೀಕ್ಷಿಸಿದಾಗಲೂ ಅದು ಇಳಿಯಲಿಲ್ಲ. ಇಳಿದಿದ್ದರೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಲು ನವಜಾತ ಶಿಶು ಘಟಕಕ್ಕೆ ಸೇರಿಸಬೇಕಾಗುತ್ತಿತ್ತು.

ಮನೆಗೆ ಹೊರಟಾಗ ಅತ್ತೆ, ಸೊಸೆ ಇಬ್ಬರಿಗೂ ಹೇಳಿದ್ದು ಇಷ್ಟು: ಮಗು ಅಳಲಿ ಎಂದು ಕಾಯದೆ ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ, ಅಂಗಾಲು ತಟ್ಟಿ ಎಬ್ಬಿಸಿ ಹಾಲು ಕೊಡಿ, ತಟ್ಟಿದರೂ ಏಳದಿದ್ದರೆ, ಚೀಪದಿದ್ದರೆ, ನಡುಗಿದರೆ ಅಥವಾ ಮೈ ತಣ್ಣಗಾದರೆ ಬೆಳಗಾಗುವ ತನಕ ಕಾಯದೆ 108ಕ್ಕೆ ಕರೆ ಮಾಡಿ.